ಆರಿದ ಭಟ್ಟಿಗೆ ಬುತ್ತಿ

“ಬುದ್ಧೀ, ಪಟ್ಟಣದಲ್ಲಿ ಕೆಲಸವಿಲ್ಲದವರ ಸಂಖ್ಯೆ ಈ ತಿಂಗಳೂ ಇಳಿಯಿತೆಂದು ಡಂಗುರ ಸಾರಿದರು. ಜನರ ಕಷ್ಟ ಕಳೆಯುತ್ತ ಬಂತೆಂದು ನಾವು ಸಂತೋಷಪಡಬಹುದಲ್ಲವೇ?”

ಭಿಕ್ಷೆ ಮುಗಿಸಿ ಮಠಕ್ಕೆ ಬಂದ ಶಿಷ್ಯ ಗುರುಪಾದ, ಜೋಳಿಗೆ ಇಳಿಸುವ ಮೊದಲೇ ಕೇಳಿದ. ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಪಟ್ಟಣದಲ್ಲಿ ಹಂಚು ಸುಡುವ ಭಟ್ಟಿಗಳಿದ್ದವು. ಅವುಗಳಲ್ಲೊಂದರಲ್ಲಿ ಬೆಂಕಿ ನೋಡಿಕೊಳ್ಳುವ ಕೆಲಸಗಾರನಿದ್ದ. ಮೀಸೆ ಮೂಡುವ ಮೊದಲೇ ಆ ಕೆಲಸಕ್ಕೆ ಸೇರಿದವನು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಾಲ ಹೊರಳಿತು. ಜನ ಮನೆಗಳಿಗೆ ತಗಡು ಹೊದಿಸತೊಡಗಿದರು. ಭಟ್ಟಿಗಳು ಒಂದೊಂದಾಗಿ ಆರಿದವು. ಅವನದೂ ಆರಿತು.

ಸೇತುವೆಯ ಬಳಿ ಜನ ಕೂಲಿಗೆ ನಿಲ್ಲುವ ಜಾಗವಿತ್ತು. ಬೆಳಗಾದರೆ ಅಲ್ಲಿ ಹೋಗಿ ನಿಂತ. ಕರೆಯಲು ಬಂದವರು ಪ್ರಾಯದವರನ್ನು ಆರಿಸಿಕೊಂಡರು. ಒಮ್ಮೊಮ್ಮೆ ಇವನಿಗೂ ಕೆಲಸ ಸಿಕ್ಕಿತು. ಬರಬರುತ್ತ ಕರೆಯುವವರೇ ಅಪರೂಪವಾದರು. ಮಧ್ಯಾಹ್ನ ಎಲ್ಲರ ಕಣ್ಣೆದುರು ಬರಿಗೈಯಲ್ಲಿ ಕೇರಿಯೊಳಗೆ ನಡೆದು ಬರುವುದಿದೆಯಲ್ಲ, ಹಸಿವಿಗಿಂತ ಅದು ಅವನನ್ನು ಹಣ್ಣು ಮಾಡಿತು. ಒಂದು ಬೆಳಿಗ್ಗೆ ಎದ್ದು ಮುಖ ತೊಳೆದವನು ಜಗಲಿಯ ಮೇಲೆ ಕುಳಿತ. ಮರುದಿನವೂ ಅಲ್ಲೇ ಕುಳಿತ. ಹೆಂಡತಿ ಮಂಡಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ತಂದದ್ದರಲ್ಲಿ ಒಲೆ ಉರಿಯಿತು.

ಆ ಪಟ್ಟಣದಲ್ಲಿ ತಿಂಗಳಿಗೊಮ್ಮೆ ಅಧಿಕಾರಿಯೊಬ್ಬ ಕೇರಿಕೇರಿಗೆ ಬಂದು ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ವಿಚಾರಿಸುತ್ತಿದ್ದ. ಒಳ್ಳೆಯ ಮನುಷ್ಯ. ಯಾರನ್ನೂ ಗದರುತ್ತಿರಲಿಲ್ಲ.

“ಕೆಲಸ ಇದೆಯೇನಪ್ಪಾ?” ಎಂದು ಕೇಳಿದ.

“ಇಲ್ಲ, ಸ್ವಾಮಿ.”

“ಈ ತಿಂಗಳು ಹುಡುಕಿದೆಯಾ?”

“ಇಲ್ಲ. ಹುಡುಕುವುದನ್ನು ಬಿಟ್ಟೆ.”

“ಹಾಗಾದರೆ ನಿನ್ನನ್ನು ಕೆಲಸವಿಲ್ಲದವರಲ್ಲಿ ಸೇರಿಸುವಂತಿಲ್ಲ. ಹುಡುಕಿಯೂ ಸಿಗದವರಷ್ಟೇ ಆ ಲೆಕ್ಕಕ್ಕೆ ಬರುತ್ತಾರೆ.”

“ಮತ್ತೆ ನಾನು ಯಾವುದರಲ್ಲಿ ಬರುತ್ತೇನೆ, ಸ್ವಾಮಿ?”

ಅಧಿಕಾರಿ ನೀರು ಕೇಳಿ ಕುಡಿದು ಮುಂದಿನ ಮನೆಗೆ ಹೋದ.

ಕೆಲವು ದಿನಗಳಲ್ಲಿ ಡಂಗುರವಾಯಿತು. ಕೆಲಸವಿಲ್ಲದವರು ಕಡಿಮೆಯಾಗಿದ್ದಾರೆ ಎಂದು ಸಾರಿದರು. ಹೆಂಡತಿ ಮಂಡಿಯಿಂದ ಓಡುತ್ತ ಬಂದಳು. ಉರಿಯುತ್ತಿದ್ದ ಕೈಗಳನ್ನು ಸೆರಗಿಗೆ ಒರೆಸುತ್ತ, “ಕೇಳಿದಿರಾ? ಎಲ್ಲೋ ಕೆಲಸ ಹುಟ್ಟಿದೆ. ನಾಳೆ ಒಂದು ಸಲ ಹೋಗಿ ನೋಡಿ” ಎಂದಳು. ತನ್ನಂಥವರನ್ನು ಲೆಕ್ಕದಿಂದ ಬಿಟ್ಟದ್ದರಿಂದಲೇ ಆ ಸಂಖ್ಯೆ ಇಳಿಯಿತೆಂಬುದು ಅವನಿಗೂ ಹೊಳೆಯಲಿಲ್ಲ. ಬೆಳಿಗ್ಗೆ ಅವಳು ರೊಟ್ಟಿಯ ಬುತ್ತಿ ಕಟ್ಟಿಕೊಟ್ಟಳು. ಅವನು ಹೊರಟ.

ಸೇತುವೆಯ ಬಳಿ ಕೂಲಿಗೆ ನಿಂತವರು ಒಬ್ಬರೂ ಇರಲಿಲ್ಲ. ಅವನ ಎದೆ ಹಗುರಾಯಿತು. ಎಲ್ಲರಿಗೂ ಕೆಲಸ ಸಿಕ್ಕಿರಬೇಕು. ಇನ್ನು ಯಾರು ಬಂದರೂ ತನ್ನನ್ನೇ ಕರೆಯಬೇಕು ಎಂದುಕೊಂಡ. ಅಂಗಿ ಸರಿಮಾಡಿಕೊಂಡು ರಸ್ತೆಗೆ ಕಾಣುವಂತೆ ನಿಂತ. ಬಿಸಿಲು ಏರಿತು. ಪಕ್ಕದಲ್ಲಿ ಮಜ್ಜಿಗೆ ಮಾರುತ್ತ ಅವನನ್ನು ನೋಡುತ್ತಿದ್ದವಳು ಕೊನೆಗೆ ಹೇಳಿದಳು:

“ಯಾರಿಗೆ ಕಾಯುತ್ತೀಯಣ್ಣಾ? ಕರೆಯುವವರು ಬರಲಿಲ್ಲವೆಂದು ನಿಲ್ಲುವವರೂ ಬರುವುದು ಬಿಟ್ಟರು.”

ಅವನು ಮನೆಯ ಕಡೆ ತಿರುಗಿದ. ಹೆಂಡತಿಯ ಮುಖ ನೆನಪಾಗಿ ಕಾಲು ಏಳಲಿಲ್ಲ. ಹೊಳೆಯ ದಂಡೆ ಹಿಡಿದು ನಡೆದು ತನ್ನ ಹಳೆಯ ಭಟ್ಟಿಯೊಳಗೆ ಕುಳಿತ. ಬುತ್ತಿ ಬಿಚ್ಚಿ ತಿಂದ. ಸಂಜೆ ಮನೆಗೆ ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಆ ಮುಖ ನೋಡಿ, “ಸಿಕ್ಕಿತು. ಕೂಲಿ ಮಾತ್ರ ತಡವಾಗಿ ಕೊಡುತ್ತಾರಂತೆ” ಎಂದುಬಿಟ್ಟ. ಹಾಗೆ ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ.

ಅಂದಿನಿಂದ ಅವಳು ದಿನವೂ ಬುತ್ತಿ ಕಟ್ಟಿದಳು. ಅವನು ದಿನವೂ ಭಟ್ಟಿಗೆ ಹೋಗಿ ಕುಳಿತ. ಅಧಿಕಾರಿ ಮತ್ತೆ ಬಂದಾಗ ಅವನು ಒಳಗೆ ಕೈಕಾಲು ತೊಳೆಯುತ್ತಿದ್ದ. ಹೆಂಡತಿ ಹೊರಗೆ ಹೇಳುವುದು ಕೇಳಿಸಿತು: “ಅವರಿಗೆ ಕೆಲಸ ಸಿಕ್ಕಿದೆ, ಸ್ವಾಮಿ. ದಿನಾ ಬುತ್ತಿ ಕಟ್ಟಿ ಕಳಿಸುತ್ತೇನೆ.” ಒಳ್ಳೆಯದಾಯಿತಮ್ಮಾ ಎಂದು ಅಧಿಕಾರಿ ಮನಸಾರೆ ಹೇಳಿ ಹೋದ.

ಆ ತಿಂಗಳ ಡಂಗುರ ಅವನಿಗೆ ಭಟ್ಟಿಯೊಳಗೆ ಕೇಳಿಸಿತು. ದುಡಿಯುವವರು ಹೆಚ್ಚಾಗಿದ್ದಾರೆ ಎಂದು ಸಾರುತ್ತಿದ್ದರು. ಯಾರೋ ಪುಣ್ಯವಂತರು ಎಂದು ಅವನಿಗೆ ಹೊಟ್ಟೆ ಉರಿಯಿತು. ಕೂಲಿಯ ದಿನ ಬಂತು, ಹೋಯಿತು. ಹೆಂಡತಿ ಕೇಳಲಿಲ್ಲ. ಮರೆತಿರಬೇಕೆಂದು ಅವನು ಉಸಿರು ಬಿಟ್ಟ.

ಒಂದು ದಿನ ಬುತ್ತಿ ತೆಗೆದುಕೊಳ್ಳುವುದನ್ನೇ ಮರೆತು ಹೊರಟುಬಿಟ್ಟ. ಭಟ್ಟಿಯ ಗೋಡೆಗೆ ಒರಗಿ ಕುಳಿತಿದ್ದಾಗ ಬಾಗಿಲಿನ ಬೆಳಕು ಮರೆಯಾಯಿತು. ತಲೆಯೆತ್ತಿ ನೋಡಿದ. ಹೆಂಡತಿ ನಿಂತಿದ್ದಳು. ಅವಳು ಯಾರನ್ನೂ ವಿಚಾರಿಸಿರಲಿಲ್ಲ, ಎಲ್ಲಿಯೂ ಹುಡುಕಿರಲಿಲ್ಲ. ಮನೆಯಿಂದ ನೆಟ್ಟಗೆ ಅಲ್ಲಿಗೇ ಬಂದಿದ್ದಳು.

“ಮರೆತು ಬಂದಿರಿ” ಎಂದು ಬುತ್ತಿಯನ್ನು ಅವನ ಪಕ್ಕದಲ್ಲಿಟ್ಟಳು. ಅವನ ಮುಖ ನೋಡಲಿಲ್ಲ. ಮಂಡಿಗೆ ಹೊತ್ತಾಯಿತೆಂದು ಹೊರಟುಹೋದಳು.

ಅಷ್ಟು ದಿನ ಅವಳಿಗೆ ಎಲ್ಲ ಗೊತ್ತಿತ್ತು. ಅವನ ಮಾನ ಕಾಯಲೆಂದು ಗೊತ್ತಿಲ್ಲದವಳಂತೆ ಇದ್ದಳು. ಅವಳು ಬೈದಿದ್ದರೆ, ಅತ್ತಿದ್ದರೆ, ಅವನೂ ಏನಾದರೂ ಹೇಳುತ್ತಿದ್ದನೇನೋ. ಅಂದು ಬುತ್ತಿ ಬಿಚ್ಚಲು ಅವನ ಕೈ ಬರಲಿಲ್ಲ.

ಮರುದಿನ ಅವನು ಹೊರಡಲಿಲ್ಲ. ಜಗಲಿಗೂ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹೆಂಡತಿ ಎಬ್ಬಿಸಿದಳು. ಏಳಲಿಲ್ಲ. ಅವಳು ರೊಟ್ಟಿಯನ್ನು ತಲೆದೆಸೆಯಲ್ಲಿಟ್ಟು ಮಂಡಿಗೆ ಹೋಗತೊಡಗಿದಳು. ಬಂದು ನೋಡಿದರೆ ಕೆಲವು ದಿನ ಮುರಿದಿರುತ್ತಿತ್ತು, ಕೆಲವು ದಿನ ಹಾಗೇ ಇರುತ್ತಿತ್ತು.

ಅಧಿಕಾರಿ ಬಂದ. ಹೊಸ್ತಿಲಲ್ಲಿ ನಿಂತು, ಕೆಲಸ ಬಿಟ್ಟೆಯೇನಪ್ಪಾ, ಬೇರೆ ಹುಡುಕುತ್ತಿದ್ದೀಯಾ ಎಂದು ಕೇಳಿದ. ಮಲಗಿದವನು ತಿರುಗಲಿಲ್ಲ. ಅಧಿಕಾರಿ ಸ್ವಲ್ಪ ಹೊತ್ತು ಕಾದು, ಸದ್ದಾಗದಂತೆ ಚಪ್ಪಲಿ ಮೆಟ್ಟಿ ಹೊರಟುಹೋದ. ಆ ತಿಂಗಳೂ ಕೆಲಸವಿಲ್ಲದವರ ಸಂಖ್ಯೆ ಇಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಗುರುಪಾದ, “ಹಾಗಾದರೆ ಆ ಅಧಿಕಾರಿ ಸಾರಿಸಿದ್ದು ಸುಳ್ಳೇ, ಬುದ್ಧೀ?” ಎಂದ.

“ಸುಳ್ಳಲ್ಲ, ಮಗು. ನನಗೆ ಕೆಲಸವಿಲ್ಲ ಎಂದು ಹೇಳಿಕೊಳ್ಳುವುದಕ್ಕೂ ಮನುಷ್ಯನಲ್ಲಿ ಒಂದಿಷ್ಟು ಆಸೆ ಉಳಿದಿರಬೇಕು.”

ಶಿಷ್ಯ ಆಗ ಹೆಗಲ ಜೋಳಿಗೆ ಇಳಿಸಿದ.