ಕದಲಿಸದ ರೌಟರ್

ಹೊಳೆದಂಡೆಯಲ್ಲೊಂದು ಆಶ್ರಮ. ಸಂಜೆಯ ಪಾಠವನ್ನು ಇಂಟರ್ನೆಟ್ಟಿನಲ್ಲಿ ಹೇಳುವ ಹೊಣೆಯನ್ನು ಗುರು ರೇಣುಕಯ್ಯನವರು ಶಿಷ್ಯ ಪರಮೇಶಿಗೆ ಒಪ್ಪಿಸಿದ್ದರು.

ದೂರದ ಊರಲ್ಲಿ ಹಾಸಿಗೆ ಹಿಡಿದಿದ್ದ ಸರ್ವಮಂಗಳಮ್ಮನಿಗೆ ಆ ಪಾಠ ಅಂದರೆ ಜೀವ. ಆದರೆ ದಸರೆ ಕಳೆದಾಗಿನಿಂದ ಏನಾಗಿತ್ತೋ ಏನೋ, ಪರಮೇಶಿಯ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಬಾಯಿ ತೆರೆದ ಮುಖ ತೆರೆದ ಹಾಗೇ ಉಳಿದುಬಿಡುತ್ತಿತ್ತು.

"ಇವತ್ತೂ ಹೀಗೇ ಆದ್ರೆ ನಾನಿನ್ನು ಪಾಠಕ್ಕೆ ಬರಲ್ಲಪ್ಪ. ಕಾದೂ ಕಾದೂ ಸಂಕಟ ಆಗತ್ತೆ," ಎಂದು ಆಯಮ್ಮ ಫೋನಿನಲ್ಲಿ ಅತ್ತೇಬಿಟ್ಟರು.

ಪರಮೇಶಿ ಫೋನ್ ಇಟ್ಟವನೇ ಗುರುಗಳ ಬಳಿಗೆ ಓಡಿದ.

"ಗುರುಗಳೇ, ಈ ಇಂಟರ್ನೆಟ್ ಕಂಪನಿಯವರು ದಂಡ! ಫೋನ್ ಮಾಡಿದ್ರೆ ಲೈನ್ ಸರಿಯಾಗೇ ಇದೆ ಅಂತಾರೆ. ಆಫ್ ಮಾಡಿ ಆನ್ ಮಾಡಿದ್ದಾಯ್ತು, ದೊಡ್ಡ ಪ್ಲಾನ್ ಹಾಕಿಸಿದ್ದಾಯ್ತು. ಏನು ಮಾಡಿದ್ರೂ ಅಷ್ಟೇ."

"ರೌಟರ್ ಎಲ್ಲಿದೆ?"

"ದೇವರ ಮನೇಲಿ. ಆಯುಧಪೂಜೆಗೆ ಅಂತ ತಂತಿ ಅಲ್ಲಿಗೇ ಎಳೆದು ಹಿತ್ತಾಳೆ ಮಂಟಪದೊಳಗೆ ಕೂರಿಸಿದೆ. ಈಗಲೂ ದಿನಾ ಹೂವು ಏರಿಸಿ ಬಾಗಿಲು ಹಾಕ್ತೀನಿ. ಯಾರೂ ಮುಟ್ಟದ ಹಾಗೆ ನೋಡ್ಕೊಂಡಿದ್ದೀನಿ." ಹೇಳುವಾಗ ಹೆಮ್ಮೆಯೋ ಹೆಮ್ಮೆ.

ಗುರುಗಳು ನಗಲಿಲ್ಲ. ಎದ್ದು ದೇವರ ಮನೆಗೆ ಹೋಗಿ ದಪ್ಪ ಬಾಗಿಲನ್ನು ಒಳಗಿನಿಂದ ಹಾಕಿಕೊಂಡರು. ಅಲ್ಲೇ ಕೂತು ಪಾಠ ಶುರು ಮಾಡಿದರು.

ಪರಮೇಶಿ ಬಾಗಿಲಿಗೆ ಕಿವಿ ಹಚ್ಚಿದ. ಬರೀ ಗುಣುಗುಣು.

"ಗುರುಗಳೇ, ಒಂದಕ್ಷರ ಕೇಳಿಸ್ತಿಲ್ಲ! ಹೊರಗೆ ಬನ್ನಿ!"

ಬಾಗಿಲು ತೆರೆಯಿತು. "ಕಂಪನಿಯವರಿಗೆ ಫೋನ್ ಮಾಡೋದು ತಾನೆ?"

ಪರಮೇಶಿ ಪೆಚ್ಚಾದ. ರೌಟರಿನ ಸಿಗ್ನಲ್ಲೂ ಹೀಗೇ ಒಳಗೇ ಉಳಿಯುತ್ತಿದೆ ಎಂಬ ವಿಷಯ ತಲೆಗೆ ಹೋಯಿತು. ಆದರೂ ಕೈ ಮುಂದೆ ಹೋಗಲಿಲ್ಲ.

"ಪೂಜೆಗೆ ಕೂರಿಸಿದ್ದನ್ನ ಹೇಗೆ ತೆಗೀಲಿ?"

"ಗಣಪತೀನ ಹೊಳೆಗೆ ಬಿಡೋ ಮುಂಚೆ ಏನು ಮಾಡ್ತೀಯ?"

"ಅಕ್ಷತೆ ಹಾಕಿ ಕದಲಿಸ್ತೀನಿ."

"ದೇವರನ್ನೇ ಕದಲಿಸೋನು ಒಂದು ಡಬ್ಬಿಗೆ ಹೆದರ್ತೀಯಲ್ಲೋ ಮಾರಾಯ!"

ಪರಮೇಶಿ ಅಕ್ಷತೆ ಹಾಕಿದ. ರೌಟರನ್ನು ಮೆಲ್ಲಗೆ ಕದಲಿಸಿದ. ಹೂವು ತೆಗೆದು, ಕುಂಕುಮ ಒರೆಸಿ, ಪಾಠದ ಪಡಸಾಲೆಯಲ್ಲಿ ಎತ್ತರದ ಹಲಗೆಯ ಮೇಲಿಟ್ಟು ತಂತಿ ಸಿಕ್ಕಿಸಿ ಪಾಠಕ್ಕೆ ಕೂತ.

"ಅಯ್ಯೋ, ಕೇಳಿಸ್ತಿದೆ ಕಣಪ್ಪಾ! ಮುಖಾನೂ ಕಾಣ್ತಿದೆ!" ಸರ್ವಮಂಗಳಮ್ಮನ ದನಿ ಪಡಸಾಲೆಯ ತುಂಬ ಕೇಳಿತು.

ಪರಮೇಶಿಗೆ ಅಳು ಬಂದುಬಿಟ್ಟಿತು. ಕೂತಲ್ಲಿಂದ ಎದ್ದು ಬಂದು ಗುರುಗಳ ಪಾದ ಹಿಡಿದವನು ಏಳಲೇ ಇಲ್ಲ.

"ಕಾಲು ಬಿಡಪ್ಪ," ಎಂದರು ಗುರುಗಳು. "ಆಯಮ್ಮ ಕಾಯ್ತಾ ಇದ್ದಾರೆ."