ಡಿಫೆಂಡರ್ ಬರ್ನಾರ್ಡ್ ಹೊಡೆದ ಗೋಲು

ಕಪಿಲಾ ನದಿಯ ದಡದಲ್ಲಿದ್ದ ನಿಜಗುಣಯ್ಯನವರ ಆಶ್ರಮಕ್ಕೆ ಇಂಗ್ಲೆಂಡಿನಿಂದ ಒಬ್ಬ ಬಂದ. ಹೆಸರು ಬರ್ನಾರ್ಡ್. ಬಾಗಿಲಷ್ಟು ಅಗಲದ ಆಳು. ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು.

“ಏನು ಕೆಲಸ ಮಾಡಿಕೊಂಡಿದ್ದೆ?” ಗುರುಗಳು ಕೇಳಿದರು.

“ಫುಟ್‌ಬಾಲ್ ಆಡುತ್ತಿದ್ದೆ ಗುರುಗಳೇ. ಅದೇ ಹೊಟ್ಟೆಪಾಡು. ಡಿಫೆಂಡರ್ ಆಗಿದ್ದೆ.”

“ಹಾಗೆಂದರೆ?”

“ಎದುರಿನವರು ನಮ್ಮ ಗೋಲಿಗೆ ಚೆಂಡು ಹೊಡೆಯದ ಹಾಗೆ ಅಡ್ಡ ನಿಲ್ಲುವವನು.”

“ಎಷ್ಟು ಕಾಲ ನಿಂತೆ?”

“ಮೀಸೆ ಮೂಡುವಾಗ ಶುರು ಮಾಡಿದ್ದು, ತಲೆ ಬೋಳಾಗುವವರೆಗೂ ನಿಂತೆ. ಒಂದೇ ಕ್ಲಬ್ಬಿಗೆ.”

“ನೀನು ಗೋಲು ಹೊಡೆದೆಯಾ?”

ಬರ್ನಾರ್ಡ್ ತಲೆ ತಗ್ಗಿಸಿದ. “ಒಂದೇ ಒಂದು. ಕಡೆಯ ಪಂದ್ಯದಲ್ಲಿ.”

“ಒಂದಾದರೂ ಹೊಡೆದೆಯಲ್ಲ!”

“ನಮ್ಮ ಗೋಲಿಗೇ ಹೊಡೆದೆ ಗುರುಗಳೇ. ಅಡ್ಡ ಹೋದೆ, ಮೊಣಕಾಲಿಗೆ ತಾಗಿ ಒಳಗೆ ಹೋಯಿತು. ನಮ್ಮ ಕ್ಲಬ್ಬು ಕೆಳಗಿನ ದರ್ಜೆಗೆ ಬಿತ್ತು. ಆಮೇಲೆ ಬ್ರೆಡ್ ತರಲು ಹೋದರೆ ಅಂಗಡಿಯವಳು ನನ್ನ ಮುಖ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದಳು.”

ಗುರುಗಳು ಅವನನ್ನು ಧ್ಯಾನಕ್ಕೆ ಕೂರಿಸಿದರು. ಕಣ್ಣು ಮುಚ್ಚಿದರೆ ಸಾಕು, ಆ ಚೆಂಡೇ ಕಾಣುತ್ತಿತ್ತು.

ಜಪಕ್ಕೆ ಕೂರಿಸಿದರು. ನಡುವೆ “ಅಯ್ಯೋ!” ಎಂದು ಕೂಗಿ ಎದ್ದ. ಅಕ್ಕಪಕ್ಕದವರ ಜಪವೂ ತಪ್ಪಿತು.

“ಹಾಗಾದರೆ ಆಡೋಣ” ಎಂದರು ಗುರುಗಳು.

ಮರುದಿನ ಸಂಜೆ ಹೊಳೆಯ ಮರಳಿನ ಮೇಲೆ ಆಟ. ಆಚೆ ದಡದ ದೋಣಿಯವರು ಎದುರಾಳಿಗಳು. ಬಿದಿರಿನ ಗಳ ನೆಟ್ಟು ಗೋಲು ಮಾಡಿದರು. ಶಿಷ್ಯರು ಕಾವಿ ಪಂಚೆ ಎತ್ತಿ ಕಟ್ಟಿದರು. ಗೋಲು ಕಾಯಲು ಗುರುಗಳೇ ನಿಂತರು. ಅವರು ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ.

ಬರ್ನಾರ್ಡ್‌ಗೆ ಹೆದರಿಕೆ. ಚೆಂಡು ಹತ್ತಿರ ಬಂದಾಗಲೆಲ್ಲ ಪಕ್ಕಕ್ಕೆ ಸರಿದ.

ದೋಣಿಯವರು ಗೋಲಿನ ಮೇಲೆ ಗೋಲು ಹೊಡೆದರು. ಒಂದು ಗುರುಗಳ ಹೊಟ್ಟೆಗೆ ಬಡಿದು ಒಳಗೆ ಹೋಯಿತು. ಇನ್ನೊಂದು ಕಿವಿಗೆ ಬಡಿದು ಹೋಯಿತು. ಮತ್ತೊಂದಕ್ಕೆ ಗುರುಗಳೇ ಚೆಂಡಿನ ಜೊತೆ ಉರುಳಿ ಒಳಗೆ ಹೋದರು.

ಪ್ರತಿ ಸಲವೂ ಎದ್ದರು, ಗಡ್ಡದ ಮರಳು ಕೊಡವಿದರು, ಮತ್ತೆ ನಿಂತರು.

ದೋಣಿಯವರಲ್ಲಿ ಗಟ್ಟಿಗ ಚಿಕ್ಕಬೋರ. ಅವನು ಮತ್ತೆ ನುಗ್ಗಿ ಬಂದು ಬೀಸಿ ಒದ್ದ.

ಬರ್ನಾರ್ಡ್‌ಗೆ ನೋಡಲಾಗಲಿಲ್ಲ. ಹಾರಿ ಅಡ್ಡ ಬಿದ್ದ.

ಚೆಂಡು ಅವನ ಭುಜಕ್ಕೆ ತಾಗಿ, ದಿಕ್ಕು ತಪ್ಪಿ, ಸೀದಾ ಗೋಲಿನೊಳಗೆ ಹೋಯಿತು.

ದೋಣಿಯವರು ಕುಣಿದರು. ಶಿಷ್ಯರು ಹಣೆ ಹಣೆ ಚಚ್ಚಿಕೊಂಡರು. ಬರ್ನಾರ್ಡ್ ಮರಳಲ್ಲೇ ಕೂತು ಮುಖ ಮುಚ್ಚಿಕೊಂಡ.

“ನೋಡಿದಿರಾ ಗುರುಗಳೇ? ಮತ್ತೆ ನಮ್ಮ ಗೋಲಿಗೇ! ನಾನು ಅಡ್ಡ ಬರಲೇಬಾರದಿತ್ತು.”

ಗುರುಗಳು ಊದಿದ ಕಿವಿ ನೀವಿಕೊಳ್ಳುತ್ತ ಬಂದು ಅವನ ಪಕ್ಕ ಕೂತರು.

“ಅದು ನೆಟ್ಟಗೆ ನನ್ನ ಮೂಗಿಗೆ ಬರುತ್ತಿತ್ತು ಕಣಪ್ಪ. ನಾಳೆಯೂ ಅಲ್ಲೇ ನಿಲ್ಲು.”