ಮಾಟಗಾತಿಗೆ ಅಂದ ಹೂಂ

"ಗುರುಗಳೇ, ಮಾಯಾಮಂತ್ರದ ಕಾದಂಬರಿ ಓದುವವರಿಗೆ ದೇವರಲ್ಲಿ ನಂಬಿಕೆ ಉಳಿಯುತ್ತದೆಯೇ?" ಎಂದು ಶಿಷ್ಯ ಕೇಳಿದ. ಅವನ ಮಗಳು ಸದಾ ಅಂಥ ಪುಸ್ತಕಗಳಲ್ಲೇ ಮುಳುಗಿರುತ್ತಿದ್ದಳು. ಆ ದಿನ ಬೆಳಿಗ್ಗೆ ಅವನ್ನೆಲ್ಲ ಒಲೆಗೆ ಹಾಕಿ ಬಂದಿದ್ದ. ಮಾಡಿದ್ದು ಸರಿ ಎಂದು ಗುರುಗಳು ಅಂದುಬಿಟ್ಟರೆ ಸಾಕಾಗಿತ್ತು ಅವನಿಗೆ.

"ಕೂತುಕೋ," ಎಂದು ಗುರುಗಳು ಒಂದು ಕತೆ ಶುರುಮಾಡಿದರು.

ಒಬ್ಬ ನೇಕಾರನಿದ್ದ. ಮಹಾ ದೈವಭಕ್ತ. ಪೂಜೆಯಾಗದೆ ನೀರೂ ಮುಟ್ಟುತ್ತಿರಲಿಲ್ಲ. ಹೆಂಡತಿ ತೀರಿಕೊಂಡಿದ್ದಳು, ಎಂಟು ವರ್ಷದ ಮಗಳನ್ನು ಅವನ ಅಕ್ಕ ಸಾಕುತ್ತಿದ್ದಳು. ಒಂದು ಮಧ್ಯಾಹ್ನ ಮಗ್ಗದ ಮುಂದೆ ಕೂತಿದ್ದವನಿಗೆ ಅಕ್ಕ ಒಳಗೆ ಕತೆ ಹೇಳುವುದು ಕೇಳಿಸಿತು. ಮಾಟಗಾತಿಯೊಬ್ಬಳು ಹೊಳೆಯನ್ನೇ ಮಡಕೆಯೊಳಗೆ ಕೂಡಿಹಾಕಿದಳಂತೆ. ಮಗು "ಹೂಂ" ಅಂದಿತು. ಊರವರೆಲ್ಲ ಇನ್ನು ಅವಳೇ ನಮ್ಮ ದೇವರು ಅಂದರಂತೆ. "ಹೂಂ."

ನೇಕಾರನಿಗೆ ಮೈಯೆಲ್ಲ ಉರಿದುಹೋಯಿತು. "ಮಾಟಗಾತಿಯೇ ದೇವರು ಅಂದರೆ ಹೂಂ ಅಂತೀಯೇನೇ?"

"ಹೂಂ ಅನ್ನದಿದ್ದರೆ ಅತ್ತೆ ಕತೆ ನಿಲ್ಲಿಸಿಬಿಡ್ತಾಳಪ್ಪಾ. ಇದು ಕತೆಯ ಹೂಂ, ನಿಜದ್ದಲ್ಲ," ಅಂದಳು ಮಗಳು.

"ಹೂಂ ಅಂದರೆ ಒಪ್ಪಿದೆ ಅಂತ. ಅದರಲ್ಲಿ ಎರಡು ಬಗೆ ಎಲ್ಲಿಂದ ಬಂತು?"

ಅಯ್ಯೋ ಪುಣ್ಯಾತ್ಮ! ಕತೆ ಕೇಳಿ ಗೊತ್ತಿಲ್ಲದವನು ಅನ್ನೋಣವೆಂದರೆ ಅವನೂ ಅದೇ ಅಕ್ಕನ ಕತೆಗೆ ಹೂಂಗುಟ್ಟಿಯೇ ಬೆಳೆದವನು. ಸಂಜೆಯೊಳಗೆ ಅಕ್ಕನನ್ನು ಅವಳ ಊರಿಗೆ ಕಳಿಸಿಬಿಟ್ಟ. ಮರುದಿನದಿಂದ ಮಗಳನ್ನು ದೇವರ ಮುಂದೆ ಕೂರಿಸಿಕೊಂಡು ತಾನೇ ದೇವರ ಮಹಿಮೆ ಹೇಳತೊಡಗಿದ. ಒಂದೊಂದು ಮಾತಿಗೂ ಅವಳು ಹೂಂ ಅನ್ನಬೇಕು. ಅನ್ನದಿದ್ದರೆ ಊಟವಿಲ್ಲ. ಮಗಳು ಅಂದಳು. ಆಕಳಿಸುತ್ತ ಅಂದಳು, ಹಸಿವಿಗೆ ಅಂದಳು, ಅತ್ತೆಯನ್ನು ನೆನೆದು ಅಳುತ್ತಲೂ ಅಂದಳು. ಮಗಳು ದಾರಿಗೆ ಬಂದಳೆಂದು ನೇಕಾರ ಊರೆಲ್ಲ ಹೇಳಿಕೊಂಡು ಬಂದ.

ವರ್ಷಗಳು ಕಳೆದವು. ನೇಕಾರ ಹಾಸಿಗೆ ಹಿಡಿದ. ಇನ್ನು ಉಳಿಯುವುದಿಲ್ಲವೆಂದು ಅವನಿಗೇ ತಿಳಿಯಿತು. ಜೀವಮಾನದಲ್ಲಿ ಇಲ್ಲದ ಭಯ ಆಗ ಹೊಕ್ಕಿತು. ಮಗಳ ಕೈ ಹಿಡಿದುಕೊಂಡು, "ನಾನು ನಂಬಿದ ದೇವರು ಇದ್ದಾನಲ್ಲವೇನಮ್ಮಾ? ನನ್ನ ಕೈ ಬಿಡುವುದಿಲ್ಲ ಅಲ್ಲವೇ?" ಎಂದ.

"ಹೂಂ," ಅಂದಳು ಮಗಳು.

ಅವನು ಅವಳ ಮುಖ ನೋಡಿದ. ಇನ್ನೊಮ್ಮೆ ಕೇಳಿದ. ಅದೇ ಹೂಂ. ಎಷ್ಟು ಸಲ ಕೇಳಿದರೂ ಅದೇ. ಕೇಳುತ್ತ ಕೇಳುತ್ತಲೇ ಅವನ ಪ್ರಾಣ ಹೋಯಿತು.

ಶಿಷ್ಯ ಕೇಳಿದ: "ಆ ಹೂಂ ನಿಜದ್ದೋ ಕತೆಯದ್ದೋ, ಗುರುಗಳೇ?"

"ಎಂಟು ವರ್ಷದವಳಿದ್ದಾಗ ಅವಳಿಗೆ ಎರಡರ ವ್ಯತ್ಯಾಸ ಗೊತ್ತಿತ್ತು; ಅಪ್ಪನೇ ಮರೆಸಿದ."